ಮೂರು ಸೀಮೆಯ ಫಿಡಲ್, ಒಂದೇ ಬಲಗೈ

ಓದುಗರ ಪ್ರಶ್ನೆ: ನನಗೆ 36 ವರ್ಷ. ಚಿಕ್ಕವಳಿದ್ದಾಗ ಒಂಬತ್ತು ವರ್ಷ ಪಾಶ್ಚಾತ್ಯ ಶಾಸ್ತ್ರೀಯ ವಯೊಲಿನ್ ಕಲಿತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಬಿಟ್ಟುಹೋಯಿತು. ಐದು ವರ್ಷದ ಹಿಂದೆ ಐರಿಶ್ ಫಿಡಲ್ ಕೇಳಿ ಮತ್ತೆ ಕೈಗೆತ್ತಿಕೊಂಡೆ. ಎರಡು ವರ್ಷದಿಂದ ಅಮೆರಿಕದ ಅಪಲಾಚಿಯನ್ ಸೀಮೆಯ ಓಲ್ಡ್ ಟೈಮ್ ಮಟ್ಟುಗಳ ಹುಚ್ಚು ಹಿಡಿದಿದೆ. ಈಗ ಆರು ತಿಂಗಳಿಂದ ಸ್ವೀಡನ್ನಿನ ಪೋಲ್ಸ್ಕಾ, ಮೂರು ಎಣಿಕೆಯ ಜೋಡಿ ಕುಣಿತದ ಮಟ್ಟು. ಮೊನ್ನೆ ವಾದಕರು ಸುತ್ತ ಕೂತು ಒಟ್ಟಿಗೆ ನುಡಿಸುವ ಐರಿಶ್ ಸೆಷನ್ ಒಂದರಲ್ಲಿ ರೀಲ್ ಎನ್ನುವ ಕುಣಿತದ ಮಟ್ಟು ಒಂದನ್ನು ನುಡಿಸಿದೆ. ಪಕ್ಕದಲ್ಲಿ ಕೂತಿದ್ದ ಹಿರಿಯರು "ಸ್ವರವೆಲ್ಲ ಸರಿ ಇದೆ, ಆದರೆ ಇದು ಐರಿಶ್ ಥರ ಇಲ್ಲ" ಅಂದರು. ಪೋಲ್ಸ್ಕಾ ನುಡಿಸಿದರೆ ವಾಲ್ಟ್ಸ್ ಥರ ಕೇಳುತ್ತದೆ ಅಂತ ನನಗೇ ಅನ್ನಿಸುತ್ತದೆ. ಹಳೆಯ ಶಾಸ್ತ್ರೀಯ ಪಾಠ ನನ್ನ ಕೈ ಕೆಡಿಸಿದೆಯಾ? ಮೂರೂ ಕಲಸಿಹೋಗಿ ಯಾವುದೂ ಇಲ್ಲದಂತಾಗಿದೆಯಾ? ಒಂದನ್ನೇ ಹಿಡಿದು ಉಳಿದದ್ದನ್ನು ಬಿಡಬೇಕಾ? ಆ ಯಾವ ಸೀಮೆಯವಳೂ ಅಲ್ಲದ ನನಗೆ ನನ್ನದೇ ಶೈಲಿ ಅಂತ ಒಂದು ಬರುತ್ತದಾ? ಓಲ್ಡ್ ಟೈಮ್‌ಗೆ ಬೇರೆ ಫಿಡಲ್ ಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ಐದಿವೆ, ಅವುಗಳ ಕೆಳಗಿರುವ ಭಯ ಒಂದೇ. ಏನೇನೋ ಕಲಿಯಲು ಹೋಗಿ ಇದ್ದದ್ದನ್ನೂ ಕಳೆದುಕೊಂಡೆನಾ ಅನ್ನುವ ಭಯ. ಫಿಡಲ್ ಕಲಿಸುವ ನನ್ನ ಹತ್ತಿರ ಇದನ್ನು ಹೊತ್ತು ಬರುವವರು ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ, ನೀವು ಏನನ್ನೂ ಕಳೆದುಕೊಂಡಿಲ್ಲ. ಆದರೆ ಆ ಹಿರಿಯರು ಹೇಳಿದ್ದೂ ಬಹುಶಃ ನಿಜ.

ಅವರ ಮಾತನ್ನೇ ಇನ್ನೊಮ್ಮೆ ಗಮನಿಸಿ. "ಸ್ವರವೆಲ್ಲ ಸರಿ ಇದೆ" ಅಂದರು. ಅಂದರೆ ನಿಮ್ಮ ಎಡಗೈ ಬಗ್ಗೆ ಅವರಿಗೆ ದೂರಿಲ್ಲ. ತೊಂದರೆ ಇರುವುದು ಬಲಗೈಯಲ್ಲಿ, ಕಮಾನಿನಲ್ಲಿ. ಫಿಡಲ್‌ನಲ್ಲಿ ಸೀಮೆಯ ಗುರುತು ಹೆಚ್ಚಾಗಿ ಇರುವುದು ಅಲ್ಲೇ. ಮಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಲಭವಾಗಿ ದಾಟುತ್ತದೆ. ಸ್ಕಾಟ್ಲೆಂಡಿನ ಎಷ್ಟೋ ರೀಲ್‌ಗಳು ಐರ್ಲೆಂಡಿಗೂ ಅಮೆರಿಕಕ್ಕೂ ಹೋಗಿ, ಹೆಸರು ಬದಲಿಸಿಕೊಂಡು ಅಲ್ಲಲ್ಲೇ ನೆಲೆ ನಿಂತಿವೆ. ಸ್ವರಗಳು ಬಹುಪಾಲು ಅವೇ. ಕೇಳಿದರೆ ಮಾತ್ರ ಬೇರೆ ಬೇರೆ ಮನೆಯ ಮಕ್ಕಳು.

ನಿಮ್ಮ ರೀಲ್‌ಗೆ ಏನಾಗಿದೆ ಅಂತ ನನ್ನ ಊಹೆ ಹೇಳುತ್ತೇನೆ. ರೀಲ್ ಅಂದರೆ ಸಾಲಿಗೆ ಎಂಟು ಚಿಕ್ಕ ಸ್ವರ, ಓಡುವ ನಡೆ. ಓಲ್ಡ್ ಟೈಮ್‌ನಲ್ಲೂ ಹೆಚ್ಚು ಕಡಿಮೆ ಅದೇ ಲೆಕ್ಕ. ಆದರೆ ಅಲ್ಲಿ ಎಲ್ಲರೂ ಮೊದಲು ಕಲಿಯುವುದು ಶಫಲ್. ಕಮಾನಿನ ಒಂದು ಉದ್ದ ಬೀಸು, ಎರಡು ಗಿಡ್ಡ ಬೀಸು, ಮತ್ತೆ ಒಂದು ಉದ್ದ, ಎರಡು ಗಿಡ್ಡ. ಕುಣಿಯುವವರ ಕಾಲಿಗೆ ಅದು ಹಾಸುಗಲ್ಲಿನಂತೆ ಗಟ್ಟಿ ನೆಲ ಕೊಡುತ್ತದೆ. ಎರಡು ವರ್ಷ ಅದನ್ನೇ ನುಡಿಸಿದ ಮೇಲೆ ಕೈ ಅದನ್ನು ಕೇಳದೆಯೇ ಮಾಡುತ್ತದೆ. ಐರಿಶ್ ರೀಲ್‌ನಲ್ಲಿ ಒಂದೇ ನಮೂನೆ ಹೀಗೆ ಸಾಲು ಸಾಲಾಗಿ ಮರಳಿ ಬಂದರೆ ಮಟ್ಟು ಜಡವಾಗುತ್ತದೆ. ಒಳ್ಳೆಯ ಐರಿಶ್ ವಾದಕರು ಬೀಸನ್ನು ಬದಲಿಸುತ್ತಲೇ ಇರುತ್ತಾರೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಅವರು ಎಣಿಕೆಯ ನಡುವಿನ ದುರ್ಬಲ ಸ್ವರದಲ್ಲಿ ಕಮಾನು ತಿರುಗಿಸಿ, ಅದೇ ಬೀಸಿನಲ್ಲಿ ಮುಂದಿನ ಎಣಿಕೆಯ ಒಳಕ್ಕೆ ಜಾರುತ್ತಾರೆ. ಶಾಸ್ತ್ರೀಯ ಪಾಠದಲ್ಲಿ ನಾವು ಕಲಿತದ್ದು ಎಣಿಕೆಯ ತಲೆಯಲ್ಲಿ ಕಮಾನು ತಿರುಗಿಸುವುದು. ಶಫಲ್ ಕೂಡ ಎಣಿಕೆಗೇ ಅಂಟಿಕೊಂಡಿರುತ್ತದೆ. ಹಾಗಾಗಿ ನಿಮ್ಮ ಎರಡೂ ಹಳೆಯ ಅಭ್ಯಾಸಗಳು ಸೇರಿ ಕೈಯನ್ನು ಒಂದೇ ದಿಕ್ಕಿಗೆ ಎಳೆಯುತ್ತಿವೆ. ಹಿರಿಯರ ಕಿವಿಗೆ ಬಿದ್ದದ್ದು ಇದೇ ಇರಬೇಕು.

ಪೋಲ್ಸ್ಕಾ ವಾಲ್ಟ್ಸ್ ಥರ ಕೇಳುವುದೂ ಹೀಗೆಯೇ. ಎರಡಕ್ಕೂ ಮೂರು ಎಣಿಕೆ. ವಾಲ್ಟ್ಸ್‌ನಲ್ಲಿ ಭಾರವೆಲ್ಲ ಒಂದರ ಮೇಲೆ. ಪೋಲ್ಸ್ಕಾ ನುಡಿಸುವವರ ಪಾದ ನೋಡಿ, ಸಾಮಾನ್ಯವಾಗಿ ಒಂದಕ್ಕೂ ಮೂರಕ್ಕೂ ನೆಲ ಮುಟ್ಟುತ್ತದೆ. ಸಾಲದ್ದಕ್ಕೆ ಮೂರು ಎಣಿಕೆಗಳು ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ದಾಲರ್ನಾ ಪ್ರಾಂತದ ಬೂಡ ಊರಿನ ಪೋಲ್ಸ್ಕಾದಲ್ಲಿ ಮೊದಲ ಎಣಿಕೆ ಗಿಡ್ಡ. ಗಡಿ ದಾಟಿ ನಾರ್ವೆಗೆ ಹೋದರೆ, ಟೆಲೆಮಾರ್ಕ್‌ನ ಸ್ಪ್ರಿಂಗಾರ್ ಕುಣಿತದಲ್ಲಿ ಮೊದಲನೆಯದು ಉದ್ದ, ಮೂರನೆಯದು ಗಿಡ್ಡ. ಇದನ್ನು ಸಮನಾಗಿ ಟಿಕ್ ಟಿಕ್ ಅನ್ನುವ ಲಯಯಂತ್ರ ಮೆಟ್ರೊನೋಮ್ ಇಟ್ಟು ಕಲಿಯಲು ಆಗುವುದಿಲ್ಲ. ಮೆಟ್ರೊನೋಮ್ ಅದನ್ನು ತಪ್ಪು ಅಂತಲೇ ಹೇಳುತ್ತದೆ. ಆ ಉದ್ದ ಗಿಡ್ಡ ಬಂದಿರುವುದು ಜೋಡಿಯಾಗಿ ತಿರುಗುವವರ ಮೈಯಿಂದ. ಮೈ ತಿರುಗುವಾಗ ಒಂದು ಹೆಜ್ಜೆಗೆ ಹೊತ್ತು ಬೇಕು, ಒಂದಕ್ಕೆ ಬೇಡ.

ಅದಕ್ಕೇ ನನ್ನ ಬಳಿ ಪೋಲ್ಸ್ಕಾ ಕಲಿಯಲು ಬಂದವರಿಗೆ ಮೊದಲ ದಿನ ಫಿಡಲ್ ಪೆಟ್ಟಿಗೆ ತೆರೆಯಲು ಬಿಡುವುದಿಲ್ಲ. ಎದ್ದು ನಿಂತು ಹೆಜ್ಜೆ ಹಾಕಿಸುತ್ತೇನೆ. ನಾಚಿಕೆ ಪಡುತ್ತಾರೆ, ಎಡವುತ್ತಾರೆ. ಮೂರನೆಯ ದಿನ ಕಮಾನು ಹಿಡಿದಾಗ ಯಾರೂ ಹೇಳಿಕೊಡದೆ ಆ ಎಣಿಕೆ ಕೈಗೆ ಬಂದಿರುತ್ತದೆ. ಎಲ್ಲರಿಗೂ ಬರುತ್ತದೆ ಅನ್ನಲಾರೆ, ತುಂಬಾ ಜನಕ್ಕೆ ಬಂದದ್ದನ್ನು ನೋಡಿದ್ದೇನೆ.

ಈಗ ಶಾಸ್ತ್ರೀಯ ಪಾಠದ ವಿಚಾರ. ಅದು ಫಿಡಲ್ ಕೈಯನ್ನು ಕೆಡಿಸುತ್ತದೆ ಅನ್ನುವ ಮಾತು ಬಹಳ ಹಳೆಯದು. ನಾನು ಒಪ್ಪುವುದಿಲ್ಲ. ಸ್ಕಾಟ್ಲೆಂಡಿನ ಫಿಡಲ್ ಅಂದ ಕೂಡಲೇ ಬರುವ ದೊಡ್ಡ ಹೆಸರು ಜೇಮ್ಸ್ ಸ್ಕಾಟ್ ಸ್ಕಿನ್ನರ್, 1843ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಮ್ಯಾಂಚೆಸ್ಟರಿನ ಮಕ್ಕಳ ಆರ್ಕೆಸ್ಟ್ರಾ ಒಂದಕ್ಕೆ ಸೇರಿ, ಶಾಸ್ತ್ರೀಯ ಪಾಠ ಹೇಳಿಸಿಕೊಂಡವರು. ಅವರ ಸ್ಟ್ರಾತ್‌ಸ್ಪೇ ಎನ್ನುವ ಸ್ಕಾಟ್ಲೆಂಡಿನ ಕುಣಿತದ ಮಟ್ಟುಗಳಲ್ಲಿ ಅದೂ ಕೇಳುತ್ತದೆ, ಹಳ್ಳಿಯ ಕುಣಿತವೂ ಕೇಳುತ್ತದೆ. ನಾರ್ವೆಯ ಓಲೆ ಬುಲ್ ಯುರೋಪಿನ ದೊಡ್ಡ ವೇದಿಕೆಗಳ ವಯೊಲಿನ್ ವಾದಕ. ಅಲ್ಲಿನ ಜನಪದ ವಾದ್ಯ ಹಾರ್ಡಾಂಗರ್ ಫಿಡಲನ್ನೂ ನುಡಿಸುತ್ತಿದ್ದರು. 1849ರಲ್ಲಿ ಮಿಲ್ಲಾರ್‌ಗುಟೆನ್ ಎಂದು ಹೆಸರಾದ ಹಳ್ಳಿಯ ಫಿಡಲ್ ವಾದಕರನ್ನು ರಾಜಧಾನಿಯ ಸಭಾಂಗಣಕ್ಕೆ ಕರೆತಂದವರೂ ಅವರೇ. ಈ ಎರಡು ಲೋಕಗಳ ನಡುವೆ ಗೋಡೆ ಯಾವತ್ತೂ ಅಷ್ಟು ಎತ್ತರ ಇರಲಿಲ್ಲ.

ಆದರೆ ಶಾಸ್ತ್ರೀಯ ಪಾಠದಿಂದ ಬಂದ ಮೂರು ಅಭ್ಯಾಸಗಳ ಮೇಲೆ ಕಣ್ಣಿಡಿ. ಉದ್ದ ಸ್ವರ ಸಿಕ್ಕಿದ ಕೂಡಲೇ ಬೆರಳು ವೈಬ್ರೆಟೊ, ಅಂದರೆ ಸ್ವರವನ್ನು ನಡುಗಿಸುವುದನ್ನು, ಶುರು ಮಾಡುತ್ತದೆ. ನೀವು ಹೇಳಿದ ಮೂರೂ ಶೈಲಿಗಳಲ್ಲಿ ಅದು ಕಡಿಮೆ, ಹಳೆಯ ವಾದಕರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಎರಡನೆಯದು, ಇಡೀ ಕಮಾನು ಬಳಸುವ ಆಸೆ. ರೀಲ್‌ಗೆ ಅಂಗೈಯಗಲದ ಜಾಗ ಸಾಕು. ಮೂರನೆಯದು ಕಿವಿಯ ಅಭ್ಯಾಸ, ಇದು ಗೊತ್ತೇ ಆಗದಂತೆ ಕೆಲಸ ಮಾಡುತ್ತದೆ. ಹಳೆಯ ಐರಿಶ್ ಮತ್ತು ನಾರ್ವೆಯ ವಾದಕರಲ್ಲಿ ಕೆಲವು ಸ್ವರಗಳು ಪಿಯಾನೊದ ಎರಡು ಮನೆಗಳ ನಡುವೆ ಕೂರುತ್ತವೆ. ಸಿ ಮತ್ತು ಸಿ ಶಾರ್ಪ್ ನಡುವಿನ ಸ್ವರ ಅದಕ್ಕೆ ಒಳ್ಳೆಯ ಉದಾಹರಣೆ. ಪಾಠ ಆದ ಕಿವಿ ಅದನ್ನು ಅಪಸ್ವರ ಅಂದುಕೊಂಡು ಸುಮ್ನೆ ತಿದ್ದಿಬಿಡುತ್ತದೆ. ತಿದ್ದಬೇಡಿ. ಮೊದಲು ಅದನ್ನು ಬಾಯಲ್ಲಿ ಹಾಡಿ ನೋಡಿ.

ಕಾಗದದ ಮೇಲಿನ ಅವಲಂಬನೆ ಬಗ್ಗೆಯೂ ಒಂದು ಮಾತು. ನೊಟೇಶನ್ ನೋಡುವುದು ತಪ್ಪಲ್ಲ. ಐರ್ಲೆಂಡಿನ ಶ್ಲೀವ್ ಲೂಕ್ರ ಸೀಮೆಯಲ್ಲಿ ಪಾಡ್ರಿಗ್ ಓಕೀಫ್ (1887–1963) ಎನ್ನುವ ಮೇಷ್ಟ್ರು ಇದ್ದರು. ಶಿಷ್ಯರಿಗಾಗಿ ತಮ್ಮದೇ ಬರವಣಿಗೆ ಮಾಡಿಕೊಂಡಿದ್ದರು. ನಾಲ್ಕು ತಂತಿಗೆ ನಾಲ್ಕು ಮನೆ, ಅದರೊಳಗೆ ಬೆರಳಿನ ಸಂಖ್ಯೆ, ಅಷ್ಟೇ. ಬೆರಳು ಎಲ್ಲಿಡಬೇಕು ಅನ್ನುವುದಕ್ಕೆ ಆ ಕಾಗದ. ಮಟ್ಟಿನ ಉಸಿರು ಹೇಗಿರಬೇಕು ಅನ್ನುವುದನ್ನು ಮೇಷ್ಟ್ರ ಎದುರು ಕೂತೇ ಕೇಳಬೇಕಿತ್ತು. ಜೂಲಿಯಾ ಕ್ಲಿಫರ್ಡ್, ಡೆನಿಸ್ ಮರ್ಫಿಯಂಥ ವಾದಕರು ಹಾಗೆ ತಯಾರಾದವರು.

ಇನ್ನು "ಕಲಸಿಹೋಗುವ" ಭಯ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಒಂದು ಸೀಮೆಯ ಶೈಲಿ ಅಂದರೆ ಹೊರಗಿನ ಗಾಳಿ ತಾಗದೆ ಉಳಿದ ಶುದ್ಧ ವಸ್ತು ಅಂತ ತುಂಬಾ ಜನ ನಂಬಿದ್ದಾರೆ. ಚರಿತ್ರೆ ಹಾಗಿಲ್ಲ. ಐರ್ಲೆಂಡಿನ ಡೊನೆಗಾಲ್ ಶೈಲಿಯನ್ನೇ ನೋಡಿ. ಗಿಡ್ಡ, ಚುರುಕು, ಬಿಡಿ ಬಿಡಿ ಬೀಸುಗಳಿಗೆ ಅದು ಹೆಸರುವಾಸಿ. ಆ ಸೀಮೆಯ ಜನ ಕೊಯ್ಲಿನ ಕಾಲಕ್ಕೆ ಸ್ಕಾಟ್ಲೆಂಡಿಗೆ ಕೂಲಿಗೆ ಹೋಗುತ್ತಿದ್ದರು. ಬರುವಾಗ ಮಟ್ಟುಗಳನ್ನೂ ತಂದರು. ಆಮೇಲೆ ಸ್ಕಿನ್ನರ್ ಅವರ ರೆಕಾರ್ಡುಗಳೂ ಬಂದವು. ಊರೂರು ಸುತ್ತುತ್ತ ತಗಡಿನ ಕೆಲಸ ಮಾಡುತ್ತಿದ್ದ ಜಾನ್ ಡೊಹರ್ಟಿ ಅವರನ್ನು ಇವತ್ತು ನಾವು ಅಪ್ಪಟ ಡೊನೆಗಾಲ್ ಅನ್ನುತ್ತೇವೆ. ಅವರ ಕಮಾನಿನಲ್ಲಿ ಸ್ಕಾಟ್ಲೆಂಡ್ ಇದೆ, ಬ್ಯಾಗ್‌ಪೈಪಿನ ನಾದವೂ ಇದೆ.

ಓಲ್ಡ್ ಟೈಮ್ ಅಂತೂ ಬೆರಕೆಯಲ್ಲೇ ಹುಟ್ಟಿದ್ದು. ಯುರೋಪಿನಿಂದ ಬಂದ ಫಿಡಲ್, ಆಫ್ರಿಕಾದಿಂದ ಗುಲಾಮರಾಗಿ ತಂದ ಜನರ ನೆನಪಿನಲ್ಲಿ ಉಳಿದು ಬಂದ ಬ್ಯಾಂಜೊ, ಎರಡೂ ಸೇರಿ ಆ ತಳ ಕಟ್ಟಿದ್ದು. ಕಪ್ಪು ಫಿಡಲ್ ವಾದಕರ ಪಾಲು ಅದರಲ್ಲಿ ದೊಡ್ಡದು. ಬಹಳ ಕಾಲ ಅದನ್ನು ಯಾರೂ ಹೇಳುತ್ತಿರಲಿಲ್ಲ. ನಾರ್ತ್ ಕ್ಯಾರೊಲಿನಾದ ಕಪ್ಪು ಫಿಡಲ್ ವಾದಕ ಜೋ ಥಾಂಪ್ಸನ್ (1918–2012) ಅವರ ಬಳಿ ಕಲಿತ ಯುವಕ ಯುವತಿಯರು 2005ರಲ್ಲಿ ಕ್ಯಾರೊಲಿನಾ ಚಾಕೊಲೇಟ್ ಡ್ರಾಪ್ಸ್ ತಂಡ ಕಟ್ಟಿದ ಮೇಲೆ ಎಷ್ಟೋ ಜನರ ಕಿವಿಗೆ ಆ ಮಾತು ಬಿತ್ತು. ನೀವು ಓಲ್ಡ್ ಟೈಮ್ ನುಡಿಸುತ್ತೀರಾದರೆ ಥಾಂಪ್ಸನ್ ಅವರನ್ನು ಕೇಳದೆ ಇರಬೇಡಿ.

ನನಗೆ ತುಂಬಾ ಪ್ರೀತಿಯ ಹೆಸರು ಇನ್ನೊಂದಿದೆ. ಕೆನಡಾದ ಕ್ವಿಬೆಕ್‌ನ ಜಾನ್ ಕಾರಿನ್ಯಾನ್ (1916–1988). ಮಾಂಟ್ರಿಯಲ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವರು. ಊರಿನ ಹಿರಿಯ ವಾದಕ ಜೋಸೆಫ್ ಅಲ್ಲಾರ್ ಅವರಿಂದ ಕಲಿತರು. ಜೊತೆಗೆ ಐರ್ಲೆಂಡಿನ ಮೈಕೆಲ್ ಕೋಲ್ಮನ್ ಮತ್ತು ಸ್ಕಿನ್ನರ್ ಅವರ ರೆಕಾರ್ಡುಗಳನ್ನು ಬಾಯಿಪಾಠ ಆಗುವಷ್ಟು ಕೇಳಿದರು. ಮೂರು ಸೀಮೆ, ಒಂದೇ ಕೈ. ನಿಮ್ಮ ಸ್ಥಿತಿಯೇ ಅಲ್ವಾ? ಆದರೆ ಅವರು ಕೋಲ್ಮನ್ ಅವರ ರೀಲ್ ನುಡಿಸಿದರೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಅಲ್ಲಾರ್ ಅವರ ಮಟ್ಟು ನುಡಿಸಿದರೆ ಅದೂ ಗೊತ್ತಾಗುತ್ತದೆ. ಅವರ ಕಿವಿಯಲ್ಲಿ ಮೂರಕ್ಕೂ ಬೇರೆ ಬೇರೆ ಕೋಣೆ ಇತ್ತು.

ಹಾಗಾದರೆ ಬೆರೆತರೆ ಹಾನಿಯೇ ಇಲ್ಲವಾ? ಇದೆ. ಅದೂ ಕೋಲ್ಮನ್ ಕಥೆಯಲ್ಲೇ ಸಿಗುತ್ತದೆ. ಸ್ಲೈಗೊ ಸೀಮೆಯ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋದರು. 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಅವರು ಧ್ವನಿಮುದ್ರಿಸಿದ ರೆಕಾರ್ಡುಗಳು ಹಡಗು ಹತ್ತಿ ಐರ್ಲೆಂಡಿಗೆ ವಾಪಸ್ ಬಂದವು. ಆ ಕೈಚಳಕಕ್ಕೆ ಜನ ಮರುಳಾದರು. ಬೇರೆ ಸೀಮೆಗಳ ಎಷ್ಟೋ ವಾದಕರು ತಮ್ಮ ಊರಿನ ಧಾಟಿ ಬಿಟ್ಟು ಸ್ಲೈಗೊ ಧಾಟಿ ಹಿಡಿದರು. ಕೋಲ್ಮನ್ ನುಡಿಸಿದ ರೀತಿಯೇ ಆ ಮಟ್ಟಿನ ಸರಿಯಾದ ರೀತಿ ಅಂತ ಆಗಿಬಿಟ್ಟಿತು. ಕೋಲ್ಮನ್ ತಪ್ಪು ಇದರಲ್ಲಿ ಏನೂ ಇಲ್ಲ, ಅವರ ವಾದನ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಆದರೆ ಎಲ್ಲ ಬಾಯಲ್ಲೂ ಒಂದೇ ಧಾಟಿ ಬಂದಾಗ ಕೆಲವು ಸದ್ದುಗಳು ಸದ್ದಿಲ್ಲದೆ ಹೋಗುತ್ತವೆ. ನಿಮ್ಮ ಒಂದು ಕೈಯಲ್ಲಿ ಆಗುತ್ತಿರುವುದೂ ಇದೇ. ಮೂರು ಶೈಲಿ ಬೆರೆತದ್ದಕ್ಕೆ ನಾನು ಹೆದರುವುದಿಲ್ಲ. ಮೂರಕ್ಕೂ ಒಂದೇ ಬೀಸು ಬಂದು ಕೂತಿದೆ, ನಿಮಗೆ ಗೊತ್ತಿಲ್ಲದೆ ಬಂದು ಕೂತಿದೆ. ಸರಿ ಮಾಡಬೇಕಾದದ್ದು ಅದನ್ನು.

ಏನು ಮಾಡಬಹುದು? ಒಂದು ದಾರಿ, ಒಂದು ವರ್ಷ ಐರಿಶ್ ಒಂದನ್ನೇ ಇಟ್ಟುಕೊಳ್ಳುವುದು. ಅದರಲ್ಲೂ ಒಬ್ಬರೇ ವಾದಕರನ್ನು ಆರಿಸಿಕೊಂಡು, ಅವರ ಆರೇ ಆರು ಮಟ್ಟುಗಳನ್ನು ಬೀಸು ಬೀಸಿಗೆ ಕಲಿಯುವುದು. ಕೈ ಗಟ್ಟಿಯಾಗಲು ಇದಕ್ಕಿಂತ ಒಳ್ಳೆಯದಿಲ್ಲ. ಅಪಾಯವೂ ಇದೆ. ಓಲ್ಡ್ ಟೈಮ್ ಕೇಳಿದಾಗ ನಿಮಗೆ ಆಗುವ ಆ ಕುಣಿದಾಟವನ್ನು ಒಂದು ವರ್ಷ ಕಟ್ಟಿಹಾಕಿದರೆ, ಕೆಲವರಿಗೆ ಫಿಡಲ್ ಮೇಲಿನ ಆಸೆಯೇ ಬತ್ತುತ್ತದೆ. ಇನ್ನೊಬ್ಬರ ನಕಲಾಗಿಯೇ ನಿಂತುಬಿಡುವವರೂ ಇದ್ದಾರೆ.

ಇನ್ನೊಂದು ದಾರಿ, ಎರಡನ್ನು ಇಟ್ಟುಕೊಂಡು ಒಂದನ್ನು ಕೇಳಲು ಮಾತ್ರ ಬಿಡುವುದು. ನಿಮಗೆ ನಾನು ಹೇಳುವುದು ಇದನ್ನೇ. ಐರಿಶ್ ಮನೆ ಆಗಿರಲಿ. ಪೋಲ್ಸ್ಕಾ ಜೊತೆಗಿರಲಿ. ಓಲ್ಡ್ ಟೈಮ್ ಅನ್ನು ಆರು ತಿಂಗಳು ಕೇಳಿ, ನುಡಿಸಬೇಡಿ. ನಿಮಗೆ ಬೇಸರ ಆಗುತ್ತದೆ ಅಂತ ಗೊತ್ತು. ಆದರೆ ಲೆಕ್ಕ ನೋಡಿ. ರೀಲ್ ಮತ್ತು ಓಲ್ಡ್ ಟೈಮ್ ತೀರಾ ಹತ್ತಿರದ ನೆಂಟರು, ಹಾಗಾಗಿ ಒಂದರ ಅಭ್ಯಾಸ ಇನ್ನೊಂದಕ್ಕೆ ಸೋರುತ್ತದೆ. ಪೋಲ್ಸ್ಕಾ ದೂರದ್ದು, ಎಣಿಕೆಯೇ ಬೇರೆ. ದೂರದ್ದು ಕಡಿಮೆ ಸೋರುತ್ತದೆ. ಹೊಸದಾಗಿ ಕಲಿಯುವ ಕಾಲದಲ್ಲಿ ಒಂದೇ ದಿನ ಎರಡನ್ನೂ ಹತ್ತಿರ ಹತ್ತಿರ ಇಡಬೇಡಿ. ನಾಲ್ಕೈದು ತಿಂಗಳಾದ ಮೇಲೆ ಉಲ್ಟಾ ಮಾಡಿ. ಬೇಕಂತಲೇ ಒಂದು ರೀಲ್, ಒಂದು ಪೋಲ್ಸ್ಕಾ, ಮತ್ತೆ ರೀಲ್ ಅಂತ ನುಡಿಸಿ. ಅವತ್ತು ಕೈ ತಡವರಿಸುತ್ತದೆ, ಹಿಂದೆ ಹೋದೆ ಅನ್ನಿಸುತ್ತದೆ. ಹೆದರಬೇಡಿ. ಕೋಣೆಗಳ ನಡುವೆ ಗೋಡೆ ಏಳುವುದು ಹೀಗೇ.

ಮೂರೂ ಒಟ್ಟಿಗೇ ಬೇಕು ಅಂದರೆ ಅದೂ ಆಗುತ್ತದೆ. ಆದರೆ ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಮಾತ್ರ ಸಿಗುವವರಿಗೆ ನಾನು ಹೇಳುವುದಿಲ್ಲ. ಐದು ವರ್ಷದ ಮೇಲೂ ಇದೇ ಪ್ರಶ್ನೆ ಹಿಡಿದು ಬರುತ್ತಾರೆ.

ಅಭ್ಯಾಸದ ಒಂದೇ ಒಂದು ಉಪಾಯ ಹೇಳುತ್ತೇನೆ, ನನ್ನ ವಿದ್ಯಾರ್ಥಿಗಳಿಗೆ ಬೇರೆಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು. ಎಡಗೈ ತೆಗೆದುಬಿಡಿ. ನಿಮಗೆ ಇಷ್ಟವಾದ ವಾದಕರ ರೀಲ್ ಹಾಕಿ, ವೇಗ ಅರ್ಧಕ್ಕೆ ಇಳಿಸಿ. ಡಿ ತಂತಿಯೊಂದರ ಮೇಲೆ ಕಮಾನಿನ ಚಲನೆಯನ್ನು ಮಾತ್ರ ನಕಲು ಮಾಡಿ. ಎಲ್ಲಿ ತಿರುಗಿತು, ಎಲ್ಲಿ ಜಾರಿತು, ಎಲ್ಲಿ ಒತ್ತಿತು. ಹತ್ತು ನಿಮಿಷ ಸಾಕು. ಸ್ವರದ ಕೆಲಸ ಇಲ್ಲದಿದ್ದಾಗ ಕಿವಿಗೆ ಕಮಾನು ಕಾಣಿಸಲು ಶುರುವಾಗುತ್ತದೆ. ಆಮೇಲೆ ಅದೇ ಒಂದು ತಂತಿಯ ಮೇಲೆ ಶಫಲ್ ಹಾಕಿ ನೋಡಿ. ಎರಡರ ವ್ಯತ್ಯಾಸ ನಿಮ್ಮ ಮಣಿಕಟ್ಟಿಗೇ ಗೊತ್ತಾಗುತ್ತದೆ.

ನಿಮ್ಮದೇ ಶೈಲಿಯ ಪ್ರಶ್ನೆಗೆ ಬರುತ್ತೇನೆ. ಪೂರ್ವ ಕ್ಲೇರ್‌ನ ಐರಿಶ್ ಫಿಡಲ್ ವಾದಕ ಮಾರ್ಟಿನ್ ಹೇಸ್ ಅವರ ವಿಷಯ ನಿಮಗೆ ಗೊತ್ತಿರಬಹುದು. ತಂದೆ ಪಿ. ಜೆ. ಹೇಸ್ ಕುಣಿತಕ್ಕೆ ನುಡಿಸುವ ಟುಲ್ಲಾ ಕೇಲಿ ಬ್ಯಾಂಡಿನ ವಾದಕರು, ಮನೆಯಲ್ಲೇ ಆ ನಿಧಾನದ, ಎದೆಗೆ ಇಳಿಯುವ ಧಾಟಿ ಇತ್ತು. 1980ರ ದಶಕದಲ್ಲಿ ಮಾರ್ಟಿನ್ ಅಮೆರಿಕಕ್ಕೆ ಹೋದರು. ಶಿಕಾಗೋದಲ್ಲಿ ಗಿಟಾರ್ ವಾದಕ ಡೆನಿಸ್ ಕಾಹಿಲ್ ಜೊತೆ ರಾಕ್ ಬೆರೆತ ಬ್ಯಾಂಡಿನಲ್ಲಿ ನುಡಿಸಿದರು. ಅಷ್ಟೆಲ್ಲ ಸುತ್ತಿ ಮತ್ತೆ ಮನೆಯ ಧಾಟಿಗೇ ಬಂದರು. 1993ರಲ್ಲಿ ಮೊದಲ ಸೋಲೋ ಆಲ್ಬಮ್ ಬಂತು. ಆ ವಾದನದಲ್ಲಿ ಕ್ಲೇರ್ ಇದೆ, ಆದರೆ ಇನ್ನೊಬ್ಬರು ಯಾರೂ ಹಾಗೆ ನುಡಿಸುವುದಿಲ್ಲ. ಅದನ್ನು ಅವರು ಒಂದು ದಿನ ಕೂತು ತಯಾರಿಸಿದ್ದಲ್ಲ. ಶೈಲಿ ಬೇಕು ಅಂತ ಹುಡುಕುವವರ ಕೈಯಲ್ಲಿ ಹೆಚ್ಚಾಗಿ ಸಿಗುವುದು ಚಮತ್ಕಾರ ಮಾತ್ರ. ನೀವು ಪೋಲ್ಸ್ಕಾ ಚೆನ್ನಾಗಿ ನುಡಿಸಿದರೆ ಒಂದು ದಿನ ನಿಮ್ಮ ನಿಧಾನದ ಐರಿಶ್ ಮಟ್ಟಿನಲ್ಲಿ ಎರಡು ತಂತಿ ಒಟ್ಟಿಗೆ ಮಿಡಿಯುತ್ತವೆ. ಅದು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿರುತ್ತದೆ. ಬೇಕಾದರೆ ಇಟ್ಟುಕೊಳ್ಳುತ್ತೀರಿ, ಬೇಡವಾದರೆ ಬಿಡುತ್ತೀರಿ. ಆ ಆಯ್ಕೆ ಕೈಗೆ ಬಂದ ದಿನ ಅದನ್ನು ನಿಮ್ಮ ಶೈಲಿ ಅನ್ನಿ.

ಆ ಸೀಮೆಯವಳಲ್ಲ ಅಂತ ಬರೆದಿದ್ದೀರಿ. ನಾರ್ತ್ ಕ್ಯಾರೊಲಿನಾದ ಓಲ್ಡ್ ಟೈಮ್ ವಾದಕ ಟಾಮಿ ಜಾರೆಲ್ (1901–1985) ರಸ್ತೆ ಕೆಲಸದ ಯಂತ್ರ ಓಡಿಸಿ ನಿವೃತ್ತರಾದವರು. ಎಲ್ಲೆಲ್ಲಿಂದಲೋ ಬಂದ ಹುಡುಗರನ್ನು ಮನೆಯಲ್ಲಿ ಕೂರಿಸಿಕೊಂಡು ನುಡಿಸಿ ತೋರಿಸುತ್ತಿದ್ದರು. ಹಾಗೆ ಹೋದವರಲ್ಲಿ ನ್ಯೂಯಾರ್ಕ್‌ನ ಬ್ರೂಸ್ ಮೋಲ್ಸ್ಕಿ ಒಬ್ಬರು. ಇವತ್ತು ಓಲ್ಡ್ ಟೈಮ್ ಕಲಿಯುವವರು ಮೋಲ್ಸ್ಕಿ ಅವರನ್ನು ಹುಡುಕಿಕೊಂಡು ಹೋಗುತ್ತಾರೆ. ಬಾಗಿಲು ತೆರೆದಿದೆ. ಒಳಗೆ ಹೋದ ಮೇಲೆ ಮಟ್ಟು ಯಾರಿಂದ ಕಲಿತಿರಿ ಅಂತ ಹೆಸರು ಹೇಳಿ. ಯಾರ ರೆಕಾರ್ಡಿನಿಂದ ಕಲಿತಿರೋ ಅದನ್ನೂ ಹೇಳಿ.

ಕೊನೆಯದಾಗಿ ಫಿಡಲ್. ವಯೊಲಿನ್ ಬೇರೆ, ಫಿಡಲ್ ಬೇರೆ ಅಲ್ಲ. ವಾದ್ಯ ಒಂದೇ. ಓಲ್ಡ್ ಟೈಮ್‌ನವರು ಕೆಲವರು ಎರಡು ತಂತಿ ಒಟ್ಟಿಗೆ ಸುಲಭವಾಗಿ ಸಿಗಲಿ ಅಂತ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜನ್ನು ಸ್ವಲ್ಪ ಚಪ್ಪಟೆ ಮಾಡಿಸಿಕೊಳ್ಳುತ್ತಾರೆ. ನೀವು ಈಗಲೇ ಮಾಡಿಸಬೇಡಿ, ಐರಿಶ್ ಮಟ್ಟುಗಳಲ್ಲಿ ಪಕ್ಕದ ತಂತಿ ತಾಗಲು ಶುರುವಾಗುತ್ತದೆ. ನಾರ್ವೆಯ ಹಾರ್ಡಾಂಗರ್ ಫಿಡಲ್ ಮಾತ್ರ ನಿಜವಾಗಿಯೂ ಬೇರೆ ವಾದ್ಯ. ಅದರ ನಾಲ್ಕು ತಂತಿಗಳ ಕೆಳಗೆ ತಾವಾಗಿಯೇ ಮಿಡಿಯುವ ನಾಲ್ಕೈದು ತಂತಿಗಳಿರುತ್ತವೆ. ಪೋಲ್ಸ್ಕಾಗೆ ಅದು ಬೇಕಿಲ್ಲ. ಮುಂದೆ ಓಲ್ಡ್ ಟೈಮ್‌ಗೆ ಮರಳಿದಾಗ ಮಾಮೂಲಿ ಜಿ–ಡಿ–ಎ–ಇ ಶ್ರುತಿ ಬಿಟ್ಟು ಎ–ಇ–ಎ–ಇ ಶ್ರುತಿಗೆ ಏರಿಸುವ ಆಸೆ ಬರುತ್ತದೆ. ಆಗ ಕೆಳಗಿನ ಎರಡು ತಂತಿಗಳನ್ನು ಒಂದೊಂದು ಪೂರ್ತಿ ಸ್ವರ ಬಿಗಿಯಬೇಕು. ನಿಧಾನವಾಗಿ ಬಿಗಿಯಿರಿ. ಪ್ರತಿ ಸಲ ಬ್ರಿಡ್ಜ್ ಬೆರಳುಹಲಗೆಯ ಕಡೆ ವಾಲಿದೆಯಾ ಅಂತ ಪಕ್ಕದಿಂದ ನೋಡಿ, ವಾಲಿದ್ದರೆ ಎರಡು ಕೈಯಿಂದ ಹಿಡಿದು ನೆಟ್ಟಗೆ ಮಾಡಿ. ವಾಲಿದ ಬ್ರಿಡ್ಜ್ ಬಿದ್ದರೆ ಮರಕ್ಕೇ ಪೆಟ್ಟಾಗುತ್ತದೆ. ಪದೇ ಪದೇ ಶ್ರುತಿ ಬದಲಿಸುವಷ್ಟು ನುಡಿಸುತ್ತೀರಿ ಅಂತಾದಾಗ ಎರಡನೆಯ ಸಾದಾ ಫಿಡಲ್ ಒಂದನ್ನು ಅದಕ್ಕೇ ಇಟ್ಟುಕೊಳ್ಳಿ.

ಇವತ್ತೇ ಆ ರೀಲನ್ನು ರೆಕಾರ್ಡ್ ಮಾಡಿ ತಾರೀಖು ಬರೆದಿಡಿ. ಮೂರು ತಿಂಗಳು ಅದನ್ನು ಕೇಳಬೇಡಿ. ಆಮೇಲೆ ಅದೇ ರೀಲನ್ನು ಮತ್ತೊಮ್ಮೆ ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೆ ಒಂದು ಹಾಕಿ, ಕಮಾನು ತಿರುಗುವ ಜಾಗಗಳನ್ನು ಮಾತ್ರ ಕೇಳಿ. ಆ ಹಿರಿಯರು ಒಪ್ಪಿದರೆ ಅವರ ಪಕ್ಕದಲ್ಲೇ ಕೂತು ಕೇಳಿ. ನಿಮ್ಮ ಕಿವಿಗೆ ಬೀಳದ್ದನ್ನು ಅವರು ಅಲ್ಲೇ ನಿಲ್ಲಿಸಿ ತೋರಿಸಬಲ್ಲರು.